ಮಾಸು ಮತ್ತು ಮಾಸ್ ಟ್ರಾನ್ಸ್‌ಫರ್

ತಳಕು ಅಂದ ಕೂಡಲೇ ಕನ್ನಡ ಸಂಘದವರಿಗೆ ನೆನಪಾಗೋದು ಸಾಹಿತ್ಯ. ತರಾಸು ಅವರ ಹೆಸರಿನ ಮೊದಲ ಅಕ್ಷರ ಈ ಊರಿನದು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಅರ್ಪಿಸಿದ ತ.ಸು. ವೆಂಕಣ್ಣಯ್ಯನವರ ಹೆಸರಿನ 'ತ' ಕೂಡ ಇದೇ. ಆದರೆ ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೆದ್ದಾರಿಯಲ್ಲಿ ಹೋಗುವಾಗ ತಳಕಿನ ಆಸುಪಾಸಿನಲ್ಲಿ ಕಣ್ಣಿಗೆ ಬೀಳೋದು ಬೇರೆ: ಶೇಂಗಾ ಹೊಲ, ಜಾಲಿ, ಕಲ್ಲುಗುಡ್ಡ, ರಸ್ತೆ ದಾಟುವ ಕುರಿ ಹಿಂಡು. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಬೆಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸೋದು ಕುರಿ. ಕುರಿಗಾರನಿಗೆ ಲಾಭ ಅಂದ್ರೆ ಮರಿ. ಗಬ್ಬದ ಕುರಿ ಕಂದು ಹಾಕಿತೋ, ಐದು ತಿಂಗಳ ಮೇವು, ನೀರು, ರಾತ್ರಿ ಕಾವಲು ಎಲ್ಲಾ ಹೋಯಿತು.

ಈಗ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದೇ ರೊಪ್ಪದಲ್ಲಿ ಒಂದು ಕುರಿ, ಒಂದು ಮೇಕೆ. ಎರಡಕ್ಕೂ ಮೂರು ತಿಂಗಳ ಗಬ್ಬ. ಎರಡಕ್ಕೂ ಪ್ರೋಸ್ಟಗ್ಲಾಂಡಿನ್ ಅನ್ನೋ ಗುಂಪಿನ ಇಂಜೆಕ್ಷನ್ ಬಿತ್ತು ಅನ್ನಿ. ಮೇಕೆ ಕಂದು ಹಾಕುತ್ತೆ. ಕುರಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಇನ್ನೊಂದು ಲೆಕ್ಕ: ದಿನ ತುಂಬೋಕೆ ಹತ್ತು ದಿನ ಇರುವ ಕುರಿಗೆ ಕಾಲು ಊದಿದೆ ಅಂತ ಡೆಕ್ಸಾಮೆಥಸೋನ್ ಕೊಟ್ಟರೆ, ಊತ ಇಳಿಯುವ ಹೊತ್ತಿಗೆ ಮರಿಯೂ ಹೊರಗೆ ಬಂದಿರುತ್ತೆ. ಮೊದಲನೆಯದು ಗರ್ಭ ಕಟ್ಟುವ ಔಷಧವೇ ಅಲ್ಲ, ಎರಡನೆಯದು ಊತದ ಔಷಧ. ಹಾಗಿದ್ದರೆ ಒಳಗೆ ಮುಟ್ಟಿದ್ದು ಯಾವುದು, ಮುಟ್ಟದೆ ಹೋದದ್ದು ಯಾವುದು, ಮಧ್ಯದಲ್ಲಿ ತಡೆದವರು ಯಾರು?

ಇದು ವೆಟರ್ನರಿ ಕಾಲೇಜಿನವರ ವಿಷಯ, ನಮಗ್ಯಾಕೆ ಅಂತ ಪುಟ ಮುಚ್ಚಬೇಡಿ. ಇದು ನಾವು ಪರೀಕ್ಷೆಗೆ ಓದಿ ಮರೆಯುವ ಮಾಸ್ ಟ್ರಾನ್ಸ್‌ಫರ್ ಪಾಠವೇ. ಹಳ್ಳಿಯಲ್ಲಿ ಮಾಸು, ಸತ್ತೆ, ಕಸ ಅಂತ ಕರೆಯೋದೂ ನಮ್ಮ ಸಿಲಬಸ್ಸಿನ ಮಾಸೂ ಇಲ್ಲಿ ಒಂದೇ ಕಡೆ ಸಿಗುತ್ತವೆ.

ಎರಡು ನೀರಿನ ಚೀಲ

ಕುರಿ ಈಯೋದನ್ನ ನೋಡಿದವರಿಗೆ ಗೊತ್ತಿರುತ್ತೆ. ಮೊದಲು ಒಂದು ನೀರಿನ ಚೀಲ ಕಾಣಿಸಿಕೊಂಡು ಒಡೆಯುತ್ತೆ, ತೆಳು ನೀರು ಹೋಗುತ್ತೆ. ಆಮೇಲೆ ಎರಡನೆಯದು, ಅದರ ನೀರು ಲೋಳೆ ಲೋಳೆ. ಲೋಳೆ ನೀರಿನ ಒಳಚೀಲ ಆಮ್ನಿಯಾನ್, ಅದರಲ್ಲಿ ಮರಿ ತೇಲುತ್ತಾ ಇರುತ್ತೆ. ತೆಳು ನೀರಿನದು ಅಲಂಟಾಯ್ಸ್, ಮರಿಯ ಮೂತ್ರದ ಒಂದು ಭಾಗ ಹೊಕ್ಕುಳ ದಾರಿಯಲ್ಲಿ ಅಲ್ಲಿಗೆ ಹೋಗಿ ಸೇರುತ್ತೆ. ಇವೆರಡನ್ನೂ ಹೊರಗಿನಿಂದ ಸುತ್ತಿಕೊಂಡಿರೋದು ಕೋರಿಯಾನ್. ಇದೇ ತಾಯಿಯ ಗರ್ಭಕೋಶದ ಗೋಡೆಗೆ ತಾಗಿಕೊಂಡಿರುವ ಪೊರೆ.

ಮನುಷ್ಯರಲ್ಲಿ ಮಾಸು ಒಂದೇ ತಟ್ಟೆಯ ಹಾಗಿರುತ್ತೆ. ಕುರಿಯಲ್ಲಿ ಅದು ಗುಂಡಿಗಳ ಸಾಲು. ಸಾಮಾನ್ಯವಾಗಿ 70ರಿಂದ 100 ಗುಂಡಿಗಳು, ಶರಟಿಗೆ ಗುಂಡಿ ಹಾಕಿದ ಹಾಗೆ ಮರಿಯ ಪೊರೆಯನ್ನು ತಾಯಿಯ ಗೋಡೆಗೆ ಸಿಕ್ಕಿಸಿರುತ್ತವೆ. ಮಿಕ್ಕ ಜಾಗದಲ್ಲಿ ಬರೀ ಪೊರೆ, ಆ ಕಡೆ ತಾಯಿಯ ಗೋಡೆ. ಗುಂಡಿಯ ಒಳಗೂ ತಾಯಿಯ ರಕ್ತ, ಮರಿಯ ರಕ್ತ ಸೇರೋದಿಲ್ಲ, ನಡುವೆ ಜೀವಕೋಶಗಳ ಪದರಗಳಿವೆ. ಈ ತಡೆ ಎಷ್ಟು ಬಿಗಿ ಅಂದ್ರೆ ತಾಯಿಯ ರೋಗನಿರೋಧಕ ಪ್ರೋಟೀನುಗಳು ಮರಿಯನ್ನು ತಲುಪೋದೇ ಇಲ್ಲ. ಹುಟ್ಟಿದ ಕೆಲವೇ ಗಂಟೆಯಲ್ಲಿ ಗಿಣ್ಣದ ಹಾಲು ಕುಡಿಸಲೇಬೇಕು ಅಂತ ಕುರಿಗಾರರು ಹಟ ಮಾಡೋದಕ್ಕೆ ಕಾರಣ ಇದೇ. ಮನುಷ್ಯರ ಮಗುವಿಗೆ ಆ ಪ್ರೋಟೀನುಗಳು ಹುಟ್ಟುವ ಮೊದಲೇ ಸಿಕ್ಕಿರುತ್ತವೆ, ಕುರಿಮರಿಗೆ ಸಿಕ್ಕಿರಲ್ಲ.

ಅಂದರೆ ಗಾತ್ರ ದೊಡ್ಡದಾದರೆ ದಾಟೋದಿಲ್ಲ. ಇದು ಜರಡಿಯ ನಿಯಮ, ಸುಲಭ. ತೊಂದರೆ ಶುರುವಾಗೋದು ಸಣ್ಣ ಅಣುಗಳಲ್ಲಿ.

ಪ್ರೋಸ್ಟಗ್ಲಾಂಡಿನ್ ಅನ್ನೋ ಸಣ್ಣ ಅಣು

ಹಾರ್ಮೋನ್ ಅಂದ್ರೆ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ದೂರದ ಅಂಗಕ್ಕೆ ಸುದ್ದಿ ಮುಟ್ಟಿಸೋದು. ಪ್ರೋಸ್ಟಗ್ಲಾಂಡಿನ್ ಹಾರ್ಮೋನಿನ ಹಾಗೇ ಕೆಲಸ ಮಾಡುತ್ತೆ, ಆದರೆ ಅಷ್ಟು ದೂರ ಹೋಗಲ್ಲ. ಹುಟ್ಟಿದ ಕಡೆಯೇ, ಅಕ್ಕಪಕ್ಕದ ಜೀವಕೋಶಗಳಿಗೆ ಹೇಳಿ ಸಾಯುತ್ತೆ. 20 ಇಂಗಾಲದ ಕೊಬ್ಬಿನಾಮ್ಲದಿಂದ ಆಗುವ ಅಣು ಇದು. ಗರ್ಭಕೋಶ ಹಿಂಡೋದು, ಅದರ ಬಾಯಿ ಮೆತ್ತಗಾಗೋದು, ಹೆರಿಗೆ ನೋವು, ಜ್ವರ, ಊತ ಎಲ್ಲದರಲ್ಲೂ ಇದರ ಕೈ ಇದೆ. ಇದನ್ನು ಮಾಡುವ ಕಿಣ್ವವನ್ನೇ ಆಸ್ಪಿರಿನ್ ಹಿಡಿದು ನಿಲ್ಲಿಸೋದು. ಅದನ್ನು ತೋರಿಸಿದವರು ಜಾನ್ ವೇನ್, 1971ರಲ್ಲಿ.

ಕುರಿಗೂ ಈ ಅಣುವಿಗೂ ಹಳೇ ನಂಟು. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1930ರ ದಶಕದಲ್ಲಿ ವೀರ್ಯದಲ್ಲೂ ಟಗರಿನ ವೀರ್ಯಗ್ರಂಥಿಯಲ್ಲೂ ಇದರ ಗುರುತು ಹಿಡಿದು ಹೆಸರಿಟ್ಟರು. ಸೂನೆ ಬರ್ಗ್‌ಸ್ಟ್ರೋಮ್ ಆಮೇಲೆ ಟಗರಿನ ಗ್ರಂಥಿಗಳನ್ನು ರಾಶಿ ರಾಶಿ ತರಿಸಿ ಅದರಿಂದ ಶುದ್ಧ ಹರಳು ತೆಗೆದರು. 1982ರ ನೊಬೆಲ್ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ವೇನ್ ಮೂವರಿಗೂ ಬಂತು. ಕಿಣ್ವದ ಮೂರು ಆಯಾಮದ ರಚನೆ 1994ರಲ್ಲಿ ಮೊದಲು ಬಿಡಿಸಿದ್ದೂ ಕುರಿಯ ಕಿಣ್ವದ್ದೇ. ಟಗರಿನ ಋಣ ದೊಡ್ಡದಿದೆ, ಪಠ್ಯಪುಸ್ತಕದಲ್ಲಿ ಅದರ ಹೆಸರು ಸಣ್ಣ ಅಕ್ಷರದಲ್ಲಿರುತ್ತೆ ಅಷ್ಟೇ.

ಬಸುರಿನಲ್ಲಿ ಮುಖ್ಯವಾದವು ಎರಡು, ಇ2 ಮತ್ತು ಎಫ್2 ಆಲ್ಫಾ. ಇವು ಪೊರೆ ದಾಟುತ್ತವೆಯೇ?

ಮೊದಲ ಅಂದಾಜು ಹೌದು ಅನ್ನಿಸುತ್ತೆ. ಕೊಬ್ಬಿನಿಂದ ಆದ ಅಣು, ಜೀವಕೋಶದ ಹೊದಿಕೆಯೂ ಕೊಬ್ಬು, ಸಲೀಸಾಗಿ ಜಾರಿಹೋಗಬೇಕು. ಲೆಕ್ಕ ಹಾಕಿ ನೋಡಿ. ಪ್ರೋಸ್ಟಗ್ಲಾಂಡಿನ್ ಒಂದು ಆಮ್ಲ, ಅದರ ಪಿಕೆಎ ಸುಮಾರು 5. ದೇಹದ ಪಿಎಚ್ 7.4. ವ್ಯತ್ಯಾಸ 2.4. ಹತ್ತರ ಘಾತ 2.4 ಅಂದ್ರೆ ಸುಮಾರು 250. ಅಂದರೆ 250 ಅಣುಗಳಲ್ಲಿ ಒಂದಕ್ಕೆ ಮಾತ್ರ ಚಾರ್ಜ್ ಇರಲ್ಲ, ಮಿಕ್ಕವು ಋಣ ಚಾರ್ಜ್ ಹೊತ್ತಿರುತ್ತವೆ. ಚಾರ್ಜ್ ಇರುವುದಕ್ಕೆ ಕೊಬ್ಬಿನ ಪದರ ಹೊಕ್ಕುವುದು ಕಷ್ಟ. ಹಾಗಾಗಿ ಜೀವಕೋಶದ ಒಳಗೆ ಹೋಗೋಕೆ ಇದಕ್ಕೆ ಒಬ್ಬ ಹಮಾಲಿ ಬೇಕು, ಅಂದರೆ ಸಾಗಿಸುವ ಒಂದು ಪ್ರೋಟೀನು. ಆ ಸಾಗಣೆ ಪ್ರೋಟೀನಿನ ಜೀನನ್ನು 1995ರಲ್ಲಿ ಗುರುತಿಸಿದರು. ಒಳಗಿಂದ ಹೊರಗೆ ತಳ್ಳೋಕೆ ಬೇರೆ ಪಂಪು ಇದೆ.

ಕಾರ್ಟಿಸಾಲ್, ಪ್ರೊಜೆಸ್ಟರಾನ್ ತರಹದ ಸ್ಟೀರಾಯ್ಡ್‌ಗಳಿಗೆ ಈ ತಾಪತ್ರಯ ಇಲ್ಲ. ಅವಕ್ಕೆ ಚಾರ್ಜ್ ಇಲ್ಲ, ಕೊಬ್ಬಿನಲ್ಲಿ ಕರಗುತ್ತವೆ, ದಾಟುತ್ತವೆ. ಅವನ್ನು ತಡೆಯೋ ಉಪಾಯ ಬೇರೆ, ಅದಕ್ಕೆ ಆಮೇಲೆ ಬರೋಣ.

ಆಚೆ ಬಂದದ್ದು ಅದೇನಾ?

ದಾಟುತ್ತೋ ಇಲ್ಲವೋ ಅಂತ ಅಳೆಯೋದು ಹೇಗೆ? ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್ 1950ರ ಸುಮಾರಿಗೆ ಕಪ್ಪೆ ಚರ್ಮದ ಮೇಲೆ ಪ್ರಯೋಗ ಮಾಡಿ ಒಂದು ಸಲಕರಣೆ ರೂಢಿಗೆ ತಂದರು. ಅದೇ ಉಪಾಯ ಇವತ್ತಿಗೂ ನಡೀತಿದೆ. ಎರಡು ಅರ್ಧ ಡಬ್ಬಿಗಳು, ನಡುವೆ ಗ್ಯಾಸ್ಕೆಟ್ ಇಟ್ಟ ಹಾಗೆ ಪೊರೆಯ ತುಂಡು. ಎರಡೂ ಕಡೆ ಒಂದೇ ಲವಣದ ದ್ರಾವಣ, ಆಮ್ಲಜನಕ, ಕುರಿಯ ಮೈ ಬಿಸಿ ಅಂದ್ರೆ 39 ಡಿಗ್ರಿ ಹತ್ತಿರ. ಒಂದು ಕಡೆ ಟ್ರಿಷಿಯಂ ಗುರುತು ಹಾಕಿದ ಪ್ರೋಸ್ಟಗ್ಲಾಂಡಿನ್ ಹಾಕಿ, ಇನ್ನೊಂದು ಕಡೆಯಿಂದ ಹೊತ್ತು ಹೊತ್ತಿಗೆ ಒಂದೊಂದು ಹನಿ ತೆಗೆದು ವಿಕಿರಣ ಎಣಿಸೋದು. ಗ್ರಾಫಿನ ಇಳಿಜಾರಿನಿಂದ ಫ್ಲಕ್ಸ್. ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ಪೊರೆಯ ಪಾರಗಮ್ಯತೆ. ಎರಡನೇ ಸೆಮಿಸ್ಟರಿನವರೂ ಮಾಡಬಹುದಾದ ಗಣಿತ.

ಆದರೆ ಎಡವೋದೂ ಇಲ್ಲೇ. ಡಬ್ಬಿಯಲ್ಲಿ ದ್ರಾವಣ ಸರಿಯಾಗಿ ಕಲಕದಿದ್ದರೆ ಪೊರೆಗೆ ಅಂಟಿದ ನಿಂತ ನೀರಿನ ಪದರವೇ ದೊಡ್ಡ ರೆಸಿಸ್ಟನ್ಸ್ ಆಗುತ್ತೆ, ನಾವು ಪೊರೆಯನ್ನು ಅಳೆದೆವು ಅಂದುಕೊಂಡು ನೀರನ್ನು ಅಳೆದಿರುತ್ತೇವೆ. ಪೊರೆಯಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೆ ಎಲ್ಲವೂ ದಾಟುತ್ತೆ, ಅದಕ್ಕೆ ದಾಟಬಾರದ ಇನ್ಯುಲಿನ್ ತರಹದ ಸಕ್ಕರೆ ಅಣುವನ್ನು ಜೊತೆಗೆ ಹಾಕಿ ಕಾಯಬೇಕು. ಪೊರೆ ಜೀವಂತವಾಗಿದ್ದರೆ ತಾನೇ ಪ್ರೋಸ್ಟಗ್ಲಾಂಡಿನ್ ಉತ್ಪಾದಿಸುತ್ತೆ, ಅದನ್ನು ಬೇರೆ ಲೆಕ್ಕ ಹಿಡಿಯಬೇಕು.

ಇದೆಲ್ಲಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಯಂತ್ರ ಎಣಿಸೋದು ಟ್ರಿಷಿಯಂ ಅನ್ನು. ಆ ಟ್ರಿಷಿಯಂ ಇನ್ನೂ ಪ್ರೋಸ್ಟಗ್ಲಾಂಡಿನ್ ಅಣುವಿನಲ್ಲೇ ಕೂತಿದೆಯೇ ಅಂತ ಯಂತ್ರಕ್ಕೆ ಗೊತ್ತಿಲ್ಲ. ಪೊರೆಯಲ್ಲೂ ಮಾಸಿನಲ್ಲೂ ಒಂದು ಕಿಣ್ವ ಇದೆ. ಇದು ಪ್ರೋಸ್ಟಗ್ಲಾಂಡಿನ್‌ನ 15ನೇ ಇಂಗಾಲದ ಹತ್ತಿರ ಕೈ ಹಾಕಿ ಎರಡು ಹೈಡ್ರೋಜನ್ ಕಿತ್ತು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. 15-ಹೈಡ್ರಾಕ್ಸಿ ಪ್ರೋಸ್ಟಗ್ಲಾಂಡಿನ್ ಡಿಹೈಡ್ರೋಜಿನೇಸ್ ಅಂತ ಉದ್ದ ಹೆಸರು, ನಾವು 'ಒಡೆಯೋ ಕಿಣ್ವ' ಅನ್ನೋಣ. ಹೀಗಾಗಿ ಆಚೆ ಬಂದ ಹನಿಯನ್ನು ಕ್ರೊಮಟೊಗ್ರಫಿಯಲ್ಲಿ ಬಿಡಿಸಿ, ಬಂದದ್ದರಲ್ಲಿ ಎಷ್ಟು ಪಾಲು ಜೀವಂತ ಪ್ರೋಸ್ಟಗ್ಲಾಂಡಿನ್, ಎಷ್ಟು ಪಾಲು ಹೆಣ ಅಂತ ನೋಡಲೇಬೇಕು. ಮಾಲು ಗೇಟು ದಾಟಿದೆ, ಲಾರಿಯೂ ಅದೇ, ಒಳಗಿರೋದು ಮಾತ್ರ ಹೊಟ್ಟು. ಈ ಒಂದು ಹೆಜ್ಜೆ ಬಿಟ್ಟರೆ "ಪೊರೆ ಪ್ರೋಸ್ಟಗ್ಲಾಂಡಿನ್ ಅನ್ನು ಧಾರಾಳ ಬಿಡುತ್ತೆ" ಅಂತ ತಪ್ಪು ತೀರ್ಮಾನ ಬರುತ್ತೆ.

ಫಿನ್ ಸಮೀಕರಣ, ಬೇರೆ ವೇಷದಲ್ಲಿ

ಹಾಗಾದರೆ ಪೊರೆಯನ್ನು ಬರೀ ಗೋಡೆ ಅಂತ ತಗೊಂಡು ಫಿಕ್ ನಿಯಮ ಹಾಕಿದರೆ ಸಾಲದು. ದಾಟುತ್ತಾ ದಾಟುತ್ತಾ ಅಣು ಕರಗಿ ಹೋಗ್ತಿದೆ. ಪೊರೆಯ ಒಳಗೆ ಒಂದು ತೆಳು ಹೋಳು ತಗೊಂಡು ಬ್ಯಾಲೆನ್ಸ್ ಬರೆಯಿರಿ. ಡಿಫ್ಯೂಷನ್ ಗುಣಾಂಕ ಗುಣಿಸು ಸಾಂದ್ರತೆಯ ಎರಡನೇ ಡೆರಿವೇಟಿವ್, ಅದು ಒಡೆಯುವ ವೇಗಾಂಕ ಗುಣಿಸು ಸಾಂದ್ರತೆಗೆ ಸಮ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಮೆಕ್ಯಾನಿಕಲ್‌ನವರಿಗೆ ಇದು ಫಿನ್ ಸಮೀಕರಣ, ಶಾಖ ಉದ್ದಕ್ಕೂ ಹರಿಯುತ್ತಾ ಪಕ್ಕದಿಂದ ಗಾಳಿಗೆ ಸೋರೋದು. ಎಲೆಕ್ಟ್ರಿಕಲ್‌ನವರಿಗೆ ಸೋರುವ ಕೇಬಲ್. ಕೆಮಿಕಲ್‌ನವರು ಇದರಿಂದ ಬರುವ ಸಂಖ್ಯೆಯನ್ನು ಥೀಲೆ ಮಾಡ್ಯುಲಸ್ ಅಂತಾರೆ, ಅದರ ಗುರುತು ಫೈ. ಪೊರೆಯ ದಪ್ಪವನ್ನು, ವೇಗಾಂಕ ಭಾಗಿಸು ಡಿಫ್ಯೂಷನ್ ಗುಣಾಂಕದ ವರ್ಗಮೂಲದಿಂದ ಗುಣಿಸಿದರೆ ಬರೋದೇ ಫೈ.

ಒಂದು ಕಡೆ ಸಾಂದ್ರತೆ ಸ್ಥಿರ, ಇನ್ನೊಂದು ಕಡೆ ರಕ್ತ ಹೊತ್ತೊಯ್ಯುವುದರಿಂದ ಸೊನ್ನೆ ಅಂತ ಇಟ್ಟುಕೊಂಡು ಬಿಡಿಸಿ. ಒಡೆಯೋ ಕಿಣ್ವ ಇಲ್ಲದಿದ್ದರೆ ಎಷ್ಟು ಆಚೆ ಬರಬೇಕಿತ್ತೋ ಅದರಲ್ಲಿ ಎಷ್ಟು ಪಾಲು ಜೀವಂತ ಬರುತ್ತೆ ಅನ್ನೋದಕ್ಕೆ ಉತ್ತರ: ಫೈ ಭಾಗಿಸು ಫೈನ ಹೈಪರ್ಬಾಲಿಕ್ ಸೈನ್. ಫೈ 1 ಇದ್ದರೆ 85 ಶೇಕಡಾ. 3 ಇದ್ದರೆ 30. 5 ಇದ್ದರೆ 6.7. 10 ಆದರೆ ಶೇಕಡಾ 0.1ಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಕಲ್ಲುಗೋಡೆ. ಇವು ಕುರಿಯ ಪೊರೆಯಲ್ಲಿ ಅಳೆದ ಅಂಕಿ ಅಲ್ಲ, ಸಮೀಕರಣ ಕೊಡುವ ಅಂಕಿ. ಆದರೆ ನಡವಳಿಕೆ ನೋಡಿ.

ಈಗ ಫೈ 5 ಇರುವ ಪೊರೆಯಲ್ಲಿ ಕಿಣ್ವ ಹತ್ತನೇ ಒಂದಕ್ಕೆ ಇಳಿಯಿತು ಅನ್ನಿ. ಫೈ ವರ್ಗಮೂಲದ ಲೆಕ್ಕದಲ್ಲಿ ಇಳಿದು 1.58 ಆಗುತ್ತೆ. ದಾಟುವ ಪಾಲು 6.7ರಿಂದ 68 ಶೇಕಡಾಕ್ಕೆ ಏರುತ್ತೆ. ಹತ್ತು ಪಟ್ಟು! ಪೊರೆ ಒಂದು ಕೂದಲೆಳೆಯಷ್ಟೂ ತೆಳ್ಳಗಾಗಿಲ್ಲ, ಎಲ್ಲೂ ಹರಿದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ನಿನ್ನೆ ಇದ್ದ ಹಾಗೇ ಇದೆ. ಆದರೆ ನಿನ್ನೆ ಮುಚ್ಚಿದ್ದ ಬಾಗಿಲು ಇವತ್ತು ತೆರೆದಿದೆ. ಮುಚ್ಚೋದಕ್ಕೂ ತೆರೆಯೋದಕ್ಕೂ ಕಿಣ್ವದ ಪ್ರಮಾಣ ಸಾಕು. ಈ ಇಡೀ ಪಾಠದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ನಾವು ವಾಲ್ವ್ ಅಂದ ಕೂಡಲೇ ಚಲಿಸುವ ಭಾಗ ಹುಡುಕುತ್ತೇವೆ. ಇಲ್ಲಿ ಚಲಿಸುವ ಭಾಗವೇ ಇಲ್ಲ.

ಮನುಷ್ಯರ ಪೊರೆಯಲ್ಲಿ ಇದು ಚೆನ್ನಾಗಿ ಕಂಡಿದೆ. ಒಳಗಿನ ಆಮ್ನಿಯಾನ್ ಇ2 ತಯಾರಿಸುತ್ತೆ, ಅದಕ್ಕೆ ಅಂಟಿಕೊಂಡ ಕೋರಿಯಾನ್ ಅದನ್ನು ಒಡೆಯುತ್ತೆ. ಕೋರಿಯಾನಿನಲ್ಲಿ ಕಿಣ್ವ ಕುಸಿದಾಗ ತಾಯಿಯ ಗರ್ಭಕೋಶಕ್ಕೆ ಸುದ್ದಿ ತಲುಪುತ್ತೆ. ಸೋಂಕು ತಗುಲಿದ ಪೊರೆಯಲ್ಲಿ ಆ ಕುಸಿತ ಅವಧಿಗೆ ಮುಂಚೆಯೇ ಆಗಬಹುದು, ದಿನ ತುಂಬದ ಹೆರಿಗೆಗೆ ಇರುವ ದಾರಿಗಳಲ್ಲಿ ಇದೂ ಒಂದು. ಕುರಿಯಲ್ಲಿ ಇ2ನ ದೊಡ್ಡ ಕಾರ್ಖಾನೆ ಮಾಸಿನ ಗುಂಡಿಗಳು, ಪೊರೆಗಳದು ಅದಕ್ಕೆ ಜೊತೆ.

ದೂರ ಮತ್ತು ರಕ್ತ

ಇನ್ನೊಂದು ಸಣ್ಣ ಲೆಕ್ಕ. ಇಂಥ ಗಾತ್ರದ ಅಣುವಿಗೆ ನೀರಿನಲ್ಲಿ ಡಿಫ್ಯೂಷನ್ ಗುಣಾಂಕ ಸೆಕೆಂಡಿಗೆ ಸುಮಾರು 0.000005 ಚದರ ಸೆಂಟಿಮೀಟರ್. ದೂರದ ವರ್ಗವನ್ನು ಗುಣಾಂಕದ ಎರಡರಷ್ಟರಿಂದ ಭಾಗಿಸಿ. 0.1 ಮಿಲಿಮೀಟರ್ ದಾಟೋಕೆ 10 ಸೆಕೆಂಡ್. 1 ಸೆಂಟಿಮೀಟರ್ ದಾಟೋಕೆ ಒಂದು ಲಕ್ಷ ಸೆಕೆಂಡ್, ಅಂದ್ರೆ 28 ಗಂಟೆ. ಪೊರೆಯ ಅಂಗಾಂಶದೊಳಗೆ ಇದಕ್ಕಿಂತ ನಿಧಾನ. ಆದ್ದರಿಂದ ಪೊರೆಗೆ ಅಂಟಿಕೊಂಡ ಗೋಡೆಗೆ ಡಿಫ್ಯೂಷನ್ ಸಾಕು, ದೂರಕ್ಕೆ ರಕ್ತ ಬೇಕೇ ಬೇಕು.

ಕುರಿಯಲ್ಲಿ ಆ ಅನುಕೂಲ ಇದೆ. ಆಮ್ನಿಯಾನಿನಲ್ಲಿ ರಕ್ತನಾಳ ಇಲ್ಲ, ಆದರೆ ಅದರ ಹೊರಗಿನ ಪದರದಲ್ಲಿ ಮರಿಯ ರಕ್ತನಾಳಗಳು ಬಲೆಯ ಹಾಗೆ ಹರಡಿಕೊಂಡಿವೆ. ಚೀಲದ ನೀರು ಪೊರೆಯ ಮೂಲಕವೇ ನೇರವಾಗಿ ಈ ನಾಳಗಳಿಗೆ ಇಂಗುತ್ತೆ, ದಿನಕ್ಕೆ ನೂರಾರು ಮಿಲಿಲೀಟರ್. ಅದರ ಜೊತೆ ಕರಗಿದ ಪದಾರ್ಥವೂ ಹೋಗುತ್ತೆ. ಚೀಲದ ನೀರನ್ನು ನಿಂತ ತೊಟ್ಟಿ ಅಂದುಕೊಂಡು ಮಾಡಿದ ಮಾಡೆಲ್ ಹಾಗಾಗಿ ಕುರಿಗೆ ಹೊಂದಲ್ಲ, ಒಳಹರಿವು ಹೊರಹರಿವು ಎರಡೂ ಇರುವ ಟ್ಯಾಂಕ್ ಅನ್ನಬೇಕು.

ರಕ್ತಕ್ಕೆ ಸೇರಿದ ಮೇಲೂ ಒಂದು ಕಂಟಕ ಕಾದಿರುತ್ತೆ, ಶ್ವಾಸಕೋಶ. ದೊಡ್ಡ ಪ್ರಾಣಿಯಲ್ಲಿ ರಕ್ತ ಒಂದು ಸಲ ಶ್ವಾಸಕೋಶ ಸುತ್ತಿ ಬಂದರೆ ಪ್ರೋಸ್ಟಗ್ಲಾಂಡಿನ್‌ನ ಬಹುಪಾಲು ನಾಶ. ಹೀಗಿರುವಾಗ ಗರ್ಭಕೋಶದಲ್ಲಿ ಹುಟ್ಟಿದ ಎಫ್2 ಆಲ್ಫಾ ಅಂಡಾಶಯ ತಲುಪೋದು ಹೇಗೆ? ಹೃದಯ, ಶ್ವಾಸಕೋಶ ಸುತ್ತಿ ಬರೋದರಲ್ಲಿ ಏನೂ ಉಳಿಯಲ್ಲ. ಕುರಿಯ ಉಪಾಯ ಅದ್ಭುತ: ಗರ್ಭಕೋಶದಿಂದ ಹೊರಡುವ ಸಿರೆಯ ಮೇಲೆ ಅಂಡಾಶಯಕ್ಕೆ ಹೋಗುವ ಧಮನಿ ಸುರುಳಿ ಸುರುಳಿಯಾಗಿ ಅಂಟಿಕೊಂಡಿದೆ. ಸಿರೆಯ ಗೋಡೆ ದಾಟಿ ಧಮನಿಯ ಗೋಡೆ ದಾಟಿ ಎಫ್2 ಆಲ್ಫಾ ನೇರ ಅಂಡಾಶಯಕ್ಕೆ ಹೋಗುತ್ತೆ. ಕೌಂಟರ್‌ಕರೆಂಟ್ ಎಕ್ಸ್‌ಚೇಂಜರ್! 1972ರಲ್ಲಿ ಮೆಕ್‌ಕ್ರ್ಯಾಕನ್ ಮತ್ತು ಸಂಗಡಿಗರು ಕುರಿಯಲ್ಲೇ ಇದನ್ನು ತೋರಿಸಿದರು. ಗಬ್ಬ ಕಟ್ಟದ ತಿಂಗಳುಗಳಲ್ಲಿ ಕುರಿ ಮತ್ತೆ ಬೆದೆಗೆ ಬರೋದು ಈ ದಾರಿಯಿಂದ.

ಮರಿಯಲ್ಲಿ ಮಾತ್ರ ಲೆಕ್ಕ ಬೇರೆ. ಹುಟ್ಟದ ಮರಿಯ ಶ್ವಾಸಕೋಶಕ್ಕೆ ಹೋಗುವ ರಕ್ತ ಒಟ್ಟಿನ ಹತ್ತನೇ ಒಂದು ಭಾಗದ ಸುಮಾರು ಅಷ್ಟೇ. ಶೋಧಕ ಕೆಲಸ ಮಾಡಲ್ಲ, ಹಾಗಾಗಿ ಮಾಸಿನಿಂದ ಬಂದ ಇ2 ಮರಿಯ ರಕ್ತದಲ್ಲಿ ಉಳಿದುಕೊಳ್ಳುತ್ತೆ. ಅದು ಅಲ್ಲಿ ಸುಮ್ಮನೆ ಕೂತಿಲ್ಲ. ಶ್ವಾಸಕೋಶ ಬಿಟ್ಟು ರಕ್ತ ಪಕ್ಕದಿಂದ ಹಾಯುವ ಒಂದು ಅಡ್ಡದಾರಿ ನಾಳವನ್ನು ತೆರೆದಿಡುತ್ತೆ, ಮರಿಯ ಉಸಿರಾಟದ ಚಲನೆಯನ್ನು ತಡೆದಿಡುತ್ತೆ. ಹುಟ್ಟಿದ ಕ್ಷಣ ಮಾಸಿನ ಪೂರೈಕೆ ನಿಂತಿತು, ಶ್ವಾಸಕೋಶ ತೆರೆದು ಮಿಕ್ಕದ್ದನ್ನು ನುಂಗಿತು. ಇ2 ಇಳಿದು ಉಸಿರು ಶುರು, ಅಡ್ಡದಾರಿ ಮುಚ್ಚೋಕೆ ಶುರು. ಬಸುರಿ ಹೆಂಗಸರು ಬಸುರಿನ ಕೊನೆಯ ತಿಂಗಳುಗಳಲ್ಲಿ ಡಾಕ್ಟರ್ ಕೇಳದೆ ಇಬುಪ್ರೊಫೆನ್, ಡೈಕ್ಲೋಫಿನಾಕ್ ಜಾತಿಯ ನೋವಿನ ಮಾತ್ರೆ ನುಂಗಬಾರದು ಅನ್ನೋದು ಇದಕ್ಕೇ: ಮಾತ್ರೆ ಮಾಸು ದಾಟುತ್ತೆ, ಒಳಗಿನ ಇ2 ಇಳಿಯುತ್ತೆ, ಆ ನಾಳ ಹೊಟ್ಟೆಯೊಳಗೇ ಮುಚ್ಚೋ ಅಪಾಯ.

ದಿನ ಗೊತ್ತುಮಾಡೋದು ಮರಿ

ಕುರಿಯ ಗಬ್ಬ ಸುಮಾರು 147ರಿಂದ 150 ದಿನ. ಯಾವತ್ತು ಈಯಬೇಕು ಅಂತ ತೀರ್ಮಾನಿಸೋದು ಯಾರು? ತಾಯಿ ಅಂತ ಎಲ್ಲರೂ ನಂಬಿದ್ದರು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹೆರಿಗೆ ವೈದ್ಯರಾಗಿದ್ದ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಹೊಟ್ಟೆಯೊಳಗಿನ ಮರಿಯ ಪಿಟ್ಯುಟರಿ ಗ್ರಂಥಿಯನ್ನು ಸುಟ್ಟು ನೋಡಿದರು. ದಿನ ಕಳೆದರೂ ಕುರಿ ಈಯಲಿಲ್ಲ. ಆಮೇಲೆ ಮರಿಗೆ ಕಾರ್ಟಿಸಾಲ್ ಜಾತಿಯ ಸ್ಟೀರಾಯ್ಡ್ ಹರಿಸಿದರು, ಕುರಿ ದಿನ ತುಂಬುವ ಮೊದಲೇ ಈಯಿತು. ಅದೇ ಕಾಲಕ್ಕೆ ಅಮೆರಿಕದ ಐಡಹೊ ಬೆಟ್ಟಗಳಲ್ಲಿ ಒಂದು ಕಾಡುಗಿಡ ಮೇಯ್ದ ಕುರಿಗಳ ಕತೆಯೂ ಬಿಡಿಸಿಕೊಳ್ಳುತ್ತಿತ್ತು. ಗಬ್ಬದ 14ನೇ ದಿನ ಆ ಗಿಡ ತಿಂದರೆ ಮರಿ ಒಂಟಿಕಣ್ಣಿನದಾಗುತ್ತಿತ್ತು, ಪಿಟ್ಯುಟರಿ ಸರಿಯಾಗಿ ಆಗದ ಅಂಥ ಮರಿಗಳು ದಿನ ಮೀರಿದರೂ ಹೊಟ್ಟೆಯಲ್ಲೇ ಬೆಳೆಯುತ್ತಿದ್ದವು.

ಈಗ ಗೊತ್ತಿರುವ ಸರಪಳಿ ಹೀಗೆ. ಕೊನೆಯ ಎರಡು ಮೂರು ವಾರ ಮರಿಯ ಕಾರ್ಟಿಸಾಲ್ ಏರುತ್ತೆ. ಅದು ಮಾಸಿನಲ್ಲಿ ಇ2 ಉತ್ಪಾದನೆ ಹೆಚ್ಚಿಸುತ್ತೆ, ಆ ಇ2 ವಾಪಸ್ ಮರಿಗೆ ಹೋಗಿ ಇನ್ನಷ್ಟು ಕಾರ್ಟಿಸಾಲ್ ಬರಿಸುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್, ಕಂಟ್ರೋಲ್ ಸಿಸ್ಟಮ್ಸ್ ಮೇಷ್ಟ್ರು ಬೇಡ ಅನ್ನೋದೇ ಇಲ್ಲಿ ಬೇಕು. ಜೊತೆಗೆ ಮಾಸಿನ ಕಿಣ್ವಗಳು ಬದಲಾಗಿ, ಗರ್ಭಕೋಶವನ್ನು ಸುಮ್ಮನಿಟ್ಟಿದ್ದ ಪ್ರೊಜೆಸ್ಟರಾನ್ ಈಸ್ಟ್ರೊಜನ್ ಕಡೆ ತಿರುಗುತ್ತೆ. ಆಗ ತಾಯಿಯ ಗೋಡೆಯಲ್ಲಿ ಎಫ್2 ಆಲ್ಫಾ ಹುಟ್ಟಿ ಗರ್ಭಕೋಶ ಹಿಂಡೋಕೆ ತೊಡಗುತ್ತೆ.

ಒಂದು ಪ್ರಶ್ನೆ ಏಳಬೇಕು. ಕಾರ್ಟಿಸಾಲ್ ಸಲೀಸಾಗಿ ದಾಟುತ್ತೆ ಅಂದೆವಲ್ಲ, ತಾಯಿಗೆ ನಾಯಿ ಅಟ್ಟಿಸಿಕೊಂಡು ಬಂದು ಗಾಬರಿಯಲ್ಲಿ ಕಾರ್ಟಿಸಾಲ್ ಏರಿದಾಗಲೆಲ್ಲ ಈಯಬೇಕಿತ್ತಲ್ಲ? ಇಲ್ಲಿಯೂ ಅದೇ ಉಪಾಯ, ಒಡೆಯೋ ಕಿಣ್ವ. ಮಾಸಿನಲ್ಲಿರುವ ಇನ್ನೊಂದು ಡಿಹೈಡ್ರೋಜಿನೇಸ್ ಕಾರ್ಟಿಸಾಲನ್ನು ದಾರಿಯಲ್ಲೇ ಕೆಲಸಕ್ಕೆ ಬಾರದ ಕಾರ್ಟಿಸೋನ್ ಮಾಡುತ್ತೆ. ಫೈ ದೊಡ್ಡದು, ಪಾಲು ಸಣ್ಣದು. ಆದರೆ ಕಾರ್ಖಾನೆಯಲ್ಲಿ ತಯಾರಾದ ಡೆಕ್ಸಾಮೆಥಸೋನ್ ಅಣುವನ್ನು ಈ ಕಿಣ್ವ ಅಷ್ಟಾಗಿ ಹಿಡಿಯಲಾರದು. ಪೊರೆ ಅದೇ, ಅಣುವಿನ ಗಾತ್ರ ಹೆಚ್ಚುಕಡಿಮೆ ಅದೇ, ವೇಗಾಂಕ ಮಾತ್ರ ಚಿಕ್ಕದು. ಮರಿಯ ಕಡೆಗೆ ತಲುಪುತ್ತೆ.

ಲಿಗಿನ್ಸ್ ಇನ್ನೊಂದು ಗಮನಿಸಿದರು. ಸ್ಟೀರಾಯ್ಡ್ ಪಡೆದು ತೀರಾ ಮುಂಚೆ ಹುಟ್ಟಿದ ಮರಿಗಳು ಸಾಯಬೇಕಿತ್ತು, ಉಸಿರಾಡುತ್ತಿದ್ದವು. ಸ್ಟೀರಾಯ್ಡ್ ಶ್ವಾಸಕೋಶವನ್ನೂ ಮಾಗಿಸಿತ್ತು. ರಾಸ್ ಹೋವಿ ಜೊತೆ ಸೇರಿ ಮನುಷ್ಯರಲ್ಲಿ ಪ್ರಯೋಗ ನಡೆಸಿ 1972ರಲ್ಲಿ ಪ್ರಕಟಿಸಿದರು. ಅವಧಿಗೆ ಮುನ್ನ ಹೆರಿಗೆ ಆಗುವ ತಾಯಂದಿರಿಗೆ ಇವತ್ತು ಆಸ್ಪತ್ರೆಗಳಲ್ಲಿ ಕೊಡುವ ಇಂಜೆಕ್ಷನ್‌ನ ಮೂಲ ಅಲ್ಲಿದೆ. ಅದನ್ನು ಹಳ್ಳಿಗಳಿಗೆ ಒಯ್ದ ಒಂದು ದೊಡ್ಡ ಪ್ರಯೋಗ ಆರು ದೇಶಗಳಲ್ಲಿ ನಡೆಯಿತು, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದಲ್ಲಿ. 2015ರಲ್ಲಿ ಫಲಿತಾಂಶ ಬಂತು, ಎಲ್ಲರಿಗೂ ಆಘಾತ: ತೀರಾ ಸಣ್ಣ ಮಕ್ಕಳ ಸಾವು ಕಡಿಮೆ ಆಗಲಿಲ್ಲ, ಒಟ್ಟು ನವಜಾತ ಶಿಶುಗಳ ಸಾವು ಹೆಚ್ಚಾಗಿತ್ತು. ದಿನದ ಅಂದಾಜು ಸರಿಯಿಲ್ಲದ ಕಡೆ, ಹುಟ್ಟಿದ ಮೇಲಿನ ಆರೈಕೆ ತೆಳುವಾಗಿರುವ ಕಡೆ ಅದೇ ಔಷಧ ಬೇರೆ ಫಲ ಕೊಟ್ಟಿತು. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಬಸುರಿನ ವಾರ ಸರಿಯಾಗಿ ಗೊತ್ತುಮಾಡಿಕೊಂಡು ಕೊಟ್ಟಾಗ ಸಾವು ಇಳಿಯಿತು.

ರೊಪ್ಪಕ್ಕೆ ವಾಪಸ್

ಈಗ ಮೇಕೆ ಯಾಕೆ ಕಂದು ಹಾಕಿತು ಅಂತ ನೋಡೋಣ. ಗಬ್ಬ ನಿಲ್ಲಿಸೋದು ಪ್ರೊಜೆಸ್ಟರಾನ್. ಮೊದಮೊದಲು ಅದು ಬರೋದು ಅಂಡಾಶಯದ ಮೇಲಿನ ಹಳದಿ ಗಂಟಿನಿಂದ, ಕಾರ್ಪಸ್ ಲೂಟಿಯಂ. ಪ್ರೋಸ್ಟಗ್ಲಾಂಡಿನ್ ಇಂಜೆಕ್ಷನ್ ಮಾಡೋದು ಆ ಗಂಟನ್ನು ಕರಗಿಸುವ ಕೆಲಸ. ಕುರಿಯಲ್ಲಿ ಸುಮಾರು 50ರಿಂದ 60 ದಿನ ಆಗುವ ಹೊತ್ತಿಗೆ ಮಾಸೇ ಸಾಕಷ್ಟು ಪ್ರೊಜೆಸ್ಟರಾನ್ ಮಾಡೋಕೆ ಶುರುಮಾಡಿರುತ್ತೆ, ಗಂಟು ಹೋದರೂ ಗಬ್ಬ ನಿಲ್ಲುತ್ತೆ. ಮೇಕೆಯ ಮಾಸಿಗೆ ಆ ಶಕ್ತಿ ಇಲ್ಲ, ಕೊನೆಯ ದಿನದವರೆಗೂ ಅದು ಗಂಟನ್ನೇ ನಂಬಿರುತ್ತೆ. ಅಂದರೆ ಇಂಜೆಕ್ಷನ್ ಮರಿಯನ್ನು ಮುಟ್ಟಿಯೇ ಇಲ್ಲ, ಪೊರೆ ದಾಟುವ ಅಗತ್ಯವೂ ಬೀಳಲಿಲ್ಲ. ಎರಡು ತಿಂಗಳ ಒಳಗಿನ ಗಬ್ಬದ ಕುರಿಗೂ ಇದೇ ಗತಿ ಅನ್ನೋದು ನೆನಪಿರಲಿ. ಇಡೀ ಹಿಂಡು ಒಟ್ಟಿಗೆ ಬೆದೆಗೆ ಬರಲಿ ಅಂತ ಈ ಇಂಜೆಕ್ಷನ್ ಕೊಡಿಸುವಾಗ ಯಾವುದು ಗಬ್ಬ, ಯಾವುದು ಬರಿದು ಅಂತ ಮೊದಲು ನೋಡಿಸಬೇಕು.

ಡೆಕ್ಸಾಮೆಥಸೋನಿನದು ತಿರುವು ಮುರುವು. ಅದು ದಾಟುತ್ತೆ, ಮರಿಯ ಕಾರ್ಟಿಸಾಲಿನ ವೇಷ ಹಾಕುತ್ತೆ, ಮಾಸು ಅದನ್ನು ನಂಬುತ್ತೆ. ಗಬ್ಬದ ಕೊನೆಯ ಎರಡು ವಾರದಲ್ಲಿ ಕೊಟ್ಟರೆ ಎರಡು ಮೂರು ದಿನದಲ್ಲಿ ಈಯೋದು ಸಾಮಾನ್ಯ. ಪಶುವೈದ್ಯರು ಇದನ್ನು ಬೇಕೆಂದೇ ಬಳಸೋದೂ ಉಂಟು: ಹೊಟ್ಟೆಯಲ್ಲಿ ಅವಳಿ ಮರಿ, ಮೇವು ಸಾಲದೆ ರಕ್ತದ ಸಕ್ಕರೆ ಇಳಿದು ಕುರಿ ನೆಲ ಹಿಡಿದಾಗ, ತಾಯಿಯನ್ನು ಉಳಿಸೋಕೆ ಮರಿ ಬೇಗ ತೆಗೆಸೋದು ಒಂದು ದಾರಿ. ಬೇಸಿಗೆಯಲ್ಲಿ ಹುಲ್ಲು ಒಣಗಿದ ಬಯಲುಸೀಮೆಗೆ ಇದು ಅಪರೂಪದ ಕಾಯಿಲೆ ಅಲ್ಲ. ಆದರೆ ಅದೇ ಔಷಧ ಜ್ವರಕ್ಕೋ ಕುಂಟಿಗೋ ಅಂತ ಅಂಗಡಿಯಿಂದ ತಂದು ಚುಚ್ಚಿದಾಗ, ಬಾಟಲಿಯ ಮೇಲೆ ಗಬ್ಬದ ಮಾತು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತೆ. ಅದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯೋಕೆ ಏನು ಅಡ್ಡಿ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಟಗರು ಬಿಟ್ಟ ತಾರೀಖು ಬರೆದಿಟ್ಟಿದ್ದರೆ ಇದರಲ್ಲಿ ಅರ್ಧ ಅನಾಹುತ ತಪ್ಪುತ್ತೆ. ಹಿಂಡಿನ ಜೊತೆ ಟಗರು ವರ್ಷವಿಡೀ ಓಡಾಡುವ ಕಡೆ ಆ ತಾರೀಖು ಸಿಗೋದು ಕಷ್ಟ, ಆಗ ಕೆಚ್ಚಲು ನೋಡಿ ಅಂದಾಜು ಮಾಡೋದೇ ಗತಿ. ನಮ್ಮ ಕ್ಲಬ್ಬಿನಲ್ಲಿ ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವವರು ಯಾರಾದರೂ ಇದ್ದರೆ, ಕುರಿಯ ಕಿವಿಯೋಲೆಗೆ ತಾರೀಖು ಕಟ್ಟುವ ಅಗ್ಗದ ವ್ಯವಸ್ಥೆ ಡ್ರೋನಿಗಿಂತ ಮೊದಲು ಬೇಕಾಗಿದೆ.

ಕೊನೆಗೆ ರೊಪ್ಪಕ್ಕೆ ಹೋಗುವವರು ತಿಳಿದಿರಬೇಕಾದ ಎರಡು ಮಾತು. ಪ್ರೋಸ್ಟಗ್ಲಾಂಡಿನ್ ಔಷಧ ಮನುಷ್ಯರ ಚರ್ಮವನ್ನೂ ದಾಟುತ್ತೆ, ಬಸುರಿಯರು ಮತ್ತು ಆಸ್ತಮಾ ಇರುವವರು ಆ ಬಾಟಲಿ, ಸಿರಿಂಜ್ ಮುಟ್ಟಲೇಬಾರದು. ಮೈಮೇಲೆ ಚೆಲ್ಲಿದರೆ ತಕ್ಷಣ ಸೋಪು ನೀರಲ್ಲಿ ತೊಳೆಯಬೇಕು. ಇನ್ನು ಕಂದು ಹಾಕಿದ ಕುರಿಯ ಮರಿ, ಮಾಸನ್ನು ಬರಿಗೈಲಿ ಎತ್ತಬಾರದು. ಬ್ರುಸೆಲ್ಲಾ ತರಹದ ಸೋಂಕಿನಿಂದ ಕಂದು ಹಾಕಿದ್ದರೆ ಅದು ಕುರಿಗಾರನಿಗೂ ಬಂದು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಕೊಡುತ್ತೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಾದರೂ ಎತ್ತಿ, ಸುಣ್ಣ ಹಾಕಿ ಆಳಕ್ಕೆ ಹೂಳಬೇಕು, ನಾಯಿ ಎಳೆಯದ ಹಾಗೆ ಮೇಲೆ ಕಲ್ಲು ಹೇರಬೇಕು.